ಈ ಸಲದ ಸರದಿ ಲೋರ್ಕನ್ ಮನೆಯದು

ಕ್ಲೂನ್‌ಗಾರವ್, ರಾಸ್‌ಕಾಮನ್
ಮಂಗಳವಾರ, ೯ ಏಪ್ರಿಲ್ ೨೦೨೪

ಪ್ರೀತಿಯ ತಮ್ಮ ಕೋಲ್ಮನ್,

ಊರಿಗೆಲ್ಲ ನೀನು ಫಾದರ್ ಕೋಲ್ಮನ್ ಆಗಿರಬಹುದು, ನನಗೆ ಮಾತ್ರ ತಮ್ಮನೇ. ಮೊದಲು ನಿನ್ನ ಮೊಣಕಾಲಿನ ಸುದ್ದಿ ಬರೆ. ಈಸ್ಟರ್ ಕಾರ್ಡಿನಲ್ಲಿ ‘ಪರವಾಗಿಲ್ಲ’ ಎಂದು ಒಂದೇ ಮಾತು ಗೀಚಿದ್ದೆ. ನೀನು ಪರವಾಗಿಲ್ಲ ಎಂದಾಗಲೆಲ್ಲ ನನಗೆ ಅನುಮಾನ. ಚಿಕ್ಕವನಿದ್ದಾಗ ಹುಲ್ಲಿನ ಬಣವೆಯಿಂದ ಬಿದ್ದು ಕೈ ಮುರಿದುಕೊಂಡು ಬಂದಾಗಲೂ ಪರವಾಗಿಲ್ಲ ಎಂದೇ ಹೇಳಿ ಒಂದು ಕೈಯಲ್ಲಿ ಆಲೂಗಡ್ಡೆ ತಿನ್ನುತ್ತಾ ಕೂತಿದ್ದವನು ನೀನು. ಜಾಂಬಿಯಾದಲ್ಲಿ ಈ ವರ್ಷ ಮಳೆಯೇ ಇಲ್ಲವಂತೆ, ಮೆಕ್ಕೆಜೋಳವೆಲ್ಲ ನಿಂತಲ್ಲೇ ಒಣಗಿತಂತೆ, ರೇಡಿಯೋದಲ್ಲಿ ಹೇಳಿದರು. ನಿನ್ನ ಜನಕ್ಕೆ ಊಟಕ್ಕೇನು ದಾರಿ? ಇಲ್ಲಿ ನೋಡಿದರೆ ಮಳೆ ಬಿಟ್ಟೇ ಇಲ್ಲ. ಏಪ್ರಿಲ್ ಬಂದರೂ ದನಗಳು ಇನ್ನೂ ಕೊಟ್ಟಿಗೆಯಲ್ಲೇ ಇವೆ, ಕೆಳಗಿನ ಹೊಲ ಕೆರೆಯಾಗಿದೆ. ನನಗೆ ರಕ್ತದೊತ್ತಡದ ಹೊಸ ಮಾತ್ರೆ ಕೊಟ್ಟಿದ್ದಾರೆ. ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಮಗ ಲೋರ್ಕನ್ನೇ ತಂದುಕೊಡುವುದು, ಆದರೂ ಅದರ ಮೇಲೆ ನನಗೆ ನಂಬಿಕೆಯಿಲ್ಲ. ಬಣ್ಣ ಬೇರೆಯಾಗಿದೆ.

ಲೋರ್ಕನ್ ಚೆನ್ನಾಗಿದ್ದಾನೆ. ಪ್ರತಿ ಸಲ ಅಂಚೆಯವನು ಬಂದು ಹೋದಾಗ ‘ಮಾಮ ಏನಾದ್ರೂ ಬರ್ದಿದ್ದಾರಾ ಅಮ್ಮಾ?’ ಎಂದು ಕೇಳುತ್ತಾನೆ. ಏನಾದರೂ ಎಂದರೆ ತನ್ನ ಬಗ್ಗೆ ಏನಾದರೂ ಎಂದರ್ಥ. ನಾನು ಕಾರ್ಡನ್ನು ಅವನ ಕೈಗೇ ಕೊಟ್ಟುಬಿಡುತ್ತೇನೆ. ಅವನು ಎರಡೂ ಕಡೆ ಓದಿ ವಾಪಸು ಕಪಾಟಿನ ಮೇಲಿಡುತ್ತಾನೆ. ನೀನು ಅವನಿಗೆ ಜ್ಞಾನಸ್ನಾನ ಕೊಟ್ಟವನು, ನೀನು ರಜಕ್ಕೆ ಬಂದಾಗಲೆಲ್ಲ ನಿನ್ನ ನಿಲುವಂಗಿ ಹಿಡಿದುಕೊಂಡು ಊರೆಲ್ಲ ಸುತ್ತಿದವನು ಅವನು. ಅವನ ಮದುವೆಗೆ ನೀನು ಬರಲಿಲ್ಲ. ಬರಬೇಕಿತ್ತು ಎಂದು ನಾನು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಗುರುಗಳಾದವರಿಗೆ ಅವರದೇ ಕಟ್ಟುಪಾಡುಗಳಿರುತ್ತವೆ. ಆದರೆ ಆಮೇಲೆ ಬರೆದ ಒಂದು ಕಾಗದದಲ್ಲೂ ಅವನು ಮದುವೆಯಾದ ಫಿನ್ಟನ್‌ನ ಹೆಸರನ್ನು ನೀನು ಬರೆದಿಲ್ಲ, ಅದನ್ನು ನಾವಿಬ್ಬರೂ ಗಮನಿಸಿದ್ದೇವೆ. ಫಿನ್ಟನ್ ಕಾರ್ಕ್ ಕಡೆಯವನು, ದನಗಳ ಗೊರಸು ಕತ್ತರಿಸುವ ಕೆಲಸ. ಭಾನುವಾರ ಚರ್ಚಿನ ಬಾಗಿಲಲ್ಲಿ ಅವನನ್ನು ನೋಡಿ ಮುಖ ತಿರುಗಿಸಿದವರೇ ಸೋಮವಾರ ಬೆಳಿಗ್ಗೆ ‘ಫಿನ್ಟನ್, ನಮ್ ಕೆಂಪಿ ಕುಂಟ್ತಾ ಇದ್ದಾಳೆ, ಒಂಚೂರ್ ಬರ್ತೀಯೇನಪ್ಪಾ’ ಎಂದು ಫೋನು ಮಾಡುತ್ತಾರೆ. ಅವನು ಹೋಗಿ ಮಾಡಿಕೊಟ್ಟು ಬರುತ್ತಾನೆ.

ಇಬ್ಬರೂ ಹೋದ ಸೆಪ್ಟೆಂಬರಿನಿಂದ ನಾವು ಹುಟ್ಟಿದ ಮನೆಯಲ್ಲಿದ್ದಾರೆ. ಮೈಕಲಣ್ಣ ಹೋದ ಮೇಲೆ ಬೀಗ ಬಿದ್ದಿದ್ದ ಮನೆ, ನಿನಗೆ ಗೊತ್ತಲ್ಲ. ಮಾಡು ಹೊದಿಸಿದ್ದಾರೆ, ಅಡಿಗೆಮನೆಯ ಒಲೆ ಬಿಚ್ಚಿ ಸರಿಮಾಡಿದ್ದಾರೆ. ಮೊದಲ ದಿನ ನಮ್ಮ ಅಂಗಳದಿಂದ ಆ ಹೊಗೆಗೂಡಿನಲ್ಲಿ ಹೊಗೆ ಏಳುವುದನ್ನು ನೋಡಿ ನಾನು ಅತ್ತುಬಿಟ್ಟೆ. ಗುರುಗಳು ಊರಿನ ಮನೆಗಳಿಗೆ ಒಂದೊಂದಾಗಿ ಬಂದು ಪೂಜೆ ಮಾಡುವ ಪದ್ಧತಿ ನಮ್ಮಲ್ಲಿ ಇನ್ನೂ ನಡೆದಿದೆ. ಹೊಗೆ ಎದ್ದ ಮನೆ ಎಂದ ಮೇಲೆ ಸರದಿ ಪೂಜೆ ಬರಲೇಬೇಕು, ಮತ್ತು ಈ ವಸಂತದಲ್ಲಿ ಸರದಿ ನೆಟ್ಟಗೆ ಆ ಮನೆಗೇ ಬಂತು. ಲೋರ್ಕನ್ ಎರಡು ತಿಂಗಳಿನಿಂದ ಗೋಡೆ ಉಜ್ಜುತ್ತಿದ್ದಾನೆ. ಗೇಟಿಗೆ ಬಣ್ಣ, ಕಿಟಕಿಗೆ ಬಣ್ಣ, ಕೊಟ್ಟಿಗೆಯ ಬಾಗಿಲಿಗೂ ಬಣ್ಣ. ಫಿನ್ಟನ್ ಅಂಗಳದ ಕಲ್ಲುಗಳನ್ನು ಒಂದೊಂದಾಗಿ ತೊಳೆದಿದ್ದನ್ನು ನೋಡಿ ನಾನೇ ‘ಫಾದರ್ ಏನು ಅಂಗಳ ನೆಕ್ಕೋಕ್ಕೆ ಬರ್ತಾರೇನೋ?’ ಎಂದೆ. ರೊಟ್ಟಿ ದ್ರಾಕ್ಷಾರಸದ ಬಲಿಪೂಜೆಗೆ ಅಡಿಗೆಮನೆಯ ಮೇಜು, ಪಾಪನಿವೇದನೆಗೆ ಮುಂದಿನ ಕೋಣೆ, ಆಮೇಲೆ ಊರವರಿಗೆಲ್ಲ ಬೆಳಗಿನ ತಿಂಡಿ. ಹ್ಯಾಮ್ ನಾನು ಬೇಯಿಸುತ್ತೇನೆಂದು ಹೇಳಿದ್ದೆ. ಅವರಿಬ್ಬರೂ ಅಮ್ಮನ ಚಿನ್ನದ ಅಂಚಿನ ಬಟ್ಟಲುಗಳನ್ನು ಹೊರತೆಗೆದು ತೊಳೆದಿಟ್ಟಿದ್ದರು.

ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಒಬಿನ್ನಾ ಈ ವಾರದ ಸರದಿ ಮನೆಗಳನ್ನು ಓದಿದರು. ಅವರು ನೈಜೀರಿಯಾದವರು, ಮೂರು ಚರ್ಚುಗಳನ್ನು ಒಬ್ಬರೇ ನೋಡಿಕೊಳ್ಳುತ್ತಾರೆ, ಒಳ್ಳೆಯವರೆಂದೇ ಇಲ್ಲಿಯವರೆಗೆ ನಂಬಿದ್ದೆ. ಬುಧವಾರ ಇಂಥವರ ಮನೆ, ಗುರುವಾರ ಇಂಥವರ ಮನೆ ಎಂದು ಓದಿ, ‘ಶುಕ್ರವಾರ ಕ್ಲೂನ್‌ಗಾರವ್, ಸ್ಥಳ ಆಮೇಲೆ ತಿಳಿಸ್ತೀನಿ’ ಎಂದುಬಿಟ್ಟರು. ಸ್ಥಳ ಆಮೇಲೆ! ನಮ್ಮ ಊರಿನಲ್ಲಿ ಇಂಥ ಮಾತನ್ನು ಯಾರೂ ಕೇಳಿಲ್ಲ. ಲೋರ್ಕನ್ ಮನೆಯ ಹೆಸರೇ ಬರಲಿಲ್ಲ. ಪಕ್ಕದಲ್ಲಿದ್ದ ಲೋರ್ಕನ್ ತನ್ನ ಬೂಟುಗಳನ್ನೇ ನೋಡುತ್ತಿದ್ದ. ನಾನು ಮುಂದಿನ ಸಾಲುಗಳಲ್ಲಿದ್ದ ಕತ್ತುಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಫಾದರ್ ಕಿವಿ ಊದಿದವರು ಯಾರೆಂದು ಅವರ ಕತ್ತು ಹೇಳದೆ ಬಿಡುವುದಿಲ್ಲ. ಡಿಂಪ್ನಾ ಟ್ಯಾನ್ಸಿಯ ಕತ್ತು ಕೆಂಪಾಗಿತ್ತು. ಫಾದರ್ ಮನೆ ಗುಡಿಸಿ ಒರೆಸುವವಳು ಅವಳೇ, ಅಲ್ಲಿನ ಫೋನು ಎತ್ತುವವಳೂ ಅವಳೇ. ಕಾರಿನಲ್ಲಿ ಲೋರ್ಕನ್ ‘ಫಾದರ್‌ಗೆ ಆ ಮನೆ ದಾರಿ ಗೊತ್ತಿರ್ಲಿಕ್ಕಿಲ್ಲ ಅಮ್ಮಾ, ಅದಕ್ಕೇ ಹಂಗಂದಿರ್ಬೇಕು’ ಎಂದ. ಈ ಹುಡುಗನಿಗೆ ಯಾರ ಮೇಲೂ ಸಂಶಯವೇ ಬರುವುದಿಲ್ಲ. ಅವನ ಪಾಲಿನದನ್ನೂ ನಾನೇ ಪಡಬೇಕು.

ಮರುದಿನ ಬೆಳಿಗ್ಗೆ ಡಿಂಪ್ನಾ ಬಾಗಿಲು ತಟ್ಟಿದಳು, ಕೈಯಲ್ಲಿ ಇನ್ನೂ ಬಿಸಿಯಿದ್ದ, ರೂಬಾರ್ಬಿನ ಹುಳಿದಂಟು ತುಂಬಿದ ಕಡುಬು. ಕರೆಯದೆ ಬಂದ ಕಡುಬಿನ ಮೇಲೆ ನನಗೆ ಎಂದಿಗೂ ನಂಬಿಕೆಯಿಲ್ಲ. ‘ಅಲ್ಲಾ ಅಟ್ರಾಕ್ಟಾ, ನಂಗೇನೂ ಇಲ್ಲಮ್ಮಾ, ನಾನ್ ಯಾರ್ ಮನೆಗಾದ್ರೂ ಹೋಗ್ತೀನಿ. ಆದ್ರೆ ಫಾದರ್ ಮೇಲೆ ಯಾರ್ ಒತ್ತಡ ಐತೋ ಏನೋ ಪಾಪ’ ಎಂದಳು. ‘ಯಾರ್ದೇ ಒತ್ತಡ?’ ಎಂದೆ. ‘ನಾನ್ ಬಾಗ್ಲಲ್ಲಿ ನಿಂತ್ಕಂಡು ಕೇಳೋಳಲ್ಲಪ್ಪ’ ಎಂದಳು. ನಾನು ಹೇಳಿದೆ, ‘ಕೇಳೋಳಲ್ಲ ಅಂದ್ಮೇಲೆ ಒತ್ತಡ ಅಂತ ಹೆಂಗ್ ಗೊತ್ತಾಯ್ತು?’ ಕಡುಬನ್ನು ಮೇಜಿನ ಮೇಲಿಟ್ಟು ಹೊರಟೇಹೋದಳು. ಆಗ ಅವಳೇ ಕಿಡಿ ಹಚ್ಚಿದವಳು ಎಂದು ತೀರ್ಮಾನಿಸಿಬಿಟ್ಟೆ. ಕಡುಬನ್ನು ನಾಯಿಗೆ ಹಾಕೋಣವೆಂದುಕೊಂಡೆ, ಚೆನ್ನಾಗಿ ಬೆಂದಿತ್ತು, ನಾನೇ ತಿಂದೆ.

ಒಂಬತ್ತು ವರ್ಷದ ಹಿಂದೆ ಗಂಡು ಗಂಡನ್ನು ಮದುವೆಯಾಗಬಹುದೆಂದು ದೇಶವೆಲ್ಲ ವೋಟು ಹಾಕಿ ಒಪ್ಪಿಗೆ ಕೊಟ್ಟಾಗ ನಮ್ಮ ಕಡೆಯ ಕ್ಷೇತ್ರವೊಂದೇ ಬೇಡ ಎಂದದ್ದು ನಿನಗೆ ನೆನಪಿರಬೇಕು. ನೀನು ಅಲ್ಲಿಂದ ‘ನಮ್ಮವರು ಗಟ್ಟಿ’ ಎಂದು ಬರೆದಿದ್ದೆ. ಗಟ್ಟಿಯೂ ಇಲ್ಲ ಮೆತ್ತಗೂ ಇಲ್ಲ ತಮ್ಮ, ಅವತ್ತಿನಿಂದ ಇಲ್ಲಿ ಒಬ್ಬರನ್ನೊಬ್ಬರು ಕೆಳಗಣ್ಣಿನಲ್ಲಿ ನೋಡುವುದೇ ಆಗಿದೆ. ಯಾರು ಹೌದು ಎಂದರು, ಯಾರು ಅಲ್ಲ ಎಂದರು, ಯಾರೂ ಬಾಯಿ ಬಿಡುವುದಿಲ್ಲ. ನನ್ನ ಪೆನ್ಸಿಲು ಎಲ್ಲಿ ಗುರುತು ಹಾಕಿತೆಂದು ನಿನಗೂ ಹೇಳುವುದಿಲ್ಲ. ಹೋದ ಕ್ರಿಸ್‌ಮಸ್ಸಿನ ಹೊತ್ತಿಗೆ ರೋಮಿನಿಂದ ಕಾಗದ ಬಂತು, ಇಂಥ ಜೋಡಿಗಳನ್ನು ಗುರುಗಳು ಆಶೀರ್ವದಿಸಬಹುದು, ಆದರೆ ಮದುವೆಯಂತೆ ಕಾಣಬಾರದು, ವಿಧಿ ಇರಬಾರದು, ಹತ್ತು ಸೆಕೆಂಡಿನಷ್ಟು ಚುಟುಕಾಗಿರಬೇಕು, ಆ ಸಂಬಂಧಕ್ಕೆ ಒಪ್ಪಿಗೆ ಎಂದಾಗಬಾರದು ಎಂದು. ಫಿನ್ಟನ್ ಅದನ್ನು ಓದಿ ‘ಒಂದ್ ಹಸುವಿನ ಗೊರಸಿಗೂ ನಾನ್ ಇದಕ್ಕಿಂತ ಜಾಸ್ತಿ ಹೊತ್ತು ತಗೋತೀನಿ ಅತ್ತೆ’ ಎಂದ. ಲೋರ್ಕನ್ ನಗಲಿಲ್ಲ, ಕಾಗದವನ್ನು ಇನ್ನೊಮ್ಮೆ ಓದಿದ. ನನಗಂತೂ ಆ ಕಾಗದದ ಮೇಲೂ ಗುಮಾನಿ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಹಿಂದಕ್ಕೆಳೆದುಕೊಂಡ ಹಾಗಿದೆ. ಅದನ್ನೂ ನಿಮ್ಮ ಆಫ್ರಿಕಾದ ಧರ್ಮಾಧ್ಯಕ್ಷರು ನಮಗೆ ಬೇಡ ಎಂದರಂತೆ. ಸ್ಕಾಟ್ಲೆಂಡಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಹೇಳುತ್ತಾಳೆ, ಅಲ್ಲಿನ ಪ್ರಾಟೆಸ್ಟೆಂಟರು ಚರ್ಚಿನೊಳಗೇ ಮದುವೆ ಮಾಡಿಸುತ್ತಾರಂತೆ. ಪಟ್ಟಣದ ಬ್ಯಾಂಕಿನವರು ಜೂನ್ ಬಂತೆಂದರೆ ಕಿಟಕಿಯಲ್ಲಿ ಮಳೆಬಿಲ್ಲಿನ ಬಾವುಟ ಕಟ್ಟುತ್ತಾರೆ. ಅವರನ್ನೂ ನಾನು ನಂಬುವುದಿಲ್ಲ, ಲೋರ್ಕನ್ ಚಿಕ್ಕವನಾಗಿದ್ದಾಗ ಬಸ್ಸಿನಲ್ಲಿ ಹೊಡೆತ ತಿಂದು ಬಂದ ದಿನ ಅವರ ಬಾವುಟ ಎಲ್ಲಿತ್ತು?

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಿನ್ನೆ ಮಧ್ಯಾಹ್ನ ಫಾದರ್ ಒಬಿನ್ನಾ ತಾವಾಗಿಯೇ ನಮ್ಮ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು. ಟೀ ಕೊಟ್ಟೆ. ‘ಅಮ್ಮಾ, ಈ ಸಲ ಪೂಜೆ ನಿಮ್ಮ ಮನೇಲೇ ಇಟ್ಕೊಂಡ್ರೆ ಹೇಗೆ? ಯಾರಿಗೂ ಮುಜುಗರ ಆಗಲ್ಲ. ನಿಮ್ಮ ಮಗನೂ ಬರ್ಬೋದು, ಜೊತೇಲಿರೋರೂ ಬರ್ಬೋದು’ ಎಂದರು. ಯಾರ ಯೋಚನೆ ಇದು ಎಂದು ಕೇಳಿದೆ. ‘ಹಿರಿಯರೊಬ್ರು ಸಲಹೆ ಕೊಟ್ರು, ಮನೆತನದ ಒಳ್ಳೇದಕ್ಕೇ’ ಎಂದರು. ಅವರು ಹೆಸರು ಹೇಳಲಿಲ್ಲ ಕೋಲ್ಮನ್. ಅವರ ಕಣ್ಣು ಮಾತ್ರ ಗೋಡೆಯ ಮೇಲಿದ್ದ ನಿನ್ನ ಗುರುದೀಕ್ಷೆಯ ಫೋಟೋದ ಕಡೆಗೆ ಒಂದು ಸಲ ಹೋಗಿ ಬಂತು. ‘ನಮ್ ತಮ್ಮನಾ?’ ಎಂದೆ. ಅವರು ಬಟ್ಟಲು ಕೆಳಗಿಟ್ಟರು, ಸುಳ್ಳು ಹೇಳಲು ಬಾರದ ಮನುಷ್ಯ. ನಾನು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಅನುಮಾನಿಸಿದ್ದೆ. ನಿನ್ನೊಬ್ಬನನ್ನು ಅನುಮಾನಿಸಿರಲಿಲ್ಲ. ತಿಂಗಳಿಗೊಮ್ಮೆ ಅಕ್ಕನಿಗೆ ಫೋನು ಮಾಡಲು ನಿನಗೆ ಸಿಗ್ನಲ್ ಸಿಗುವುದಿಲ್ಲ, ಫಾದರ್ ಒಬಿನ್ನಾಗೆ ಫೋನು ಮಾಡಿ ನಾವು ಹುಟ್ಟಿದ ಮನೆಯನ್ನು ಸರದಿಯಿಂದ ತಪ್ಪಿಸು ಎಂದು ಹೇಳಲು ಸಿಕ್ಕಿತು.

ನಿನ್ನ ಉತ್ತರ ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಮದುವೆ ಎಂದರೆ ಗಂಡು ಹೆಣ್ಣಿನದು, ಅದನ್ನು ಬದಲಿಸಲು ಧರ್ಮಸಭೆಗೂ ಅಧಿಕಾರವಿಲ್ಲ, ಆ ಮನೆಯಲ್ಲಿ ಬಲಿಪೂಜೆ ಅರ್ಪಿಸಿದರೆ ಒಪ್ಪಿಕೊಂಡೆವೆಂದು ಜನ ತಿಳಿಯುತ್ತಾರೆ ಎನ್ನುತ್ತೀ. ಆ ಪಾಠವನ್ನು ನಾನೂ ನಿನ್ನ ಪಕ್ಕದಲ್ಲೇ ಕೂತು ಬಾಯಿಪಾಠ ಮಾಡಿದವಳು. ಅದು ಪೂರ್ತಿ ಸರಿಯೋ, ಪೂರ್ತಿ ತಪ್ಪೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಇಷ್ಟು ಕಾಲ ಪಾಪ ಪಾಪ ಎಂದವರು ಈಗ ಮೆಲ್ಲಗೆ ದನಿ ತಗ್ಗಿಸಿದರೆ ಅದಕ್ಕೂ ಬೆಚ್ಚುತ್ತೇನೆ. ನಾಳೆ ಬೇರೆಯವರು ಬಂದು ದನಿ ಏರಿಸಿದರೆ ನನ್ನ ಮಗ ಎಲ್ಲಿಗೆ ಹೋಗಬೇಕು? ಆದರೆ ಮದುವೆ ಮಾಡಿಸಿ ಎಂದು ನಿನ್ನನ್ನು ಯಾರು ಕೇಳಿದರು? ಆ ಹತ್ತು ಸೆಕೆಂಡಿನ ಆಶೀರ್ವಾದವನ್ನೂ ಅವರಿಬ್ಬರು ಕೇಳಿಲ್ಲ. ಸರದಿ ಪೂಜೆ ಬರುವುದು ಮನೆಗೆ, ಮನೆಯಲ್ಲಿರುವವರ ನಡತೆ ನೋಡಿಕೊಂಡು ಅಲ್ಲ. ಪ್ಯಾಕಿ ಬೀರ್ನ್ ಮತ್ತು ಅವನ ಹೆಂಡತಿ ಸಾಯುವವರೆಗೂ ಒಬ್ಬರೊಡನೊಬ್ಬರು ಮಾತಾಡಲಿಲ್ಲ, ‘ಉಪ್ಪು ಕೊಡು ಅಂತ ನಿನ್ನ ಅಪ್ಪಂಗೆ ಹೇಳು’ ಎನ್ನುತ್ತಿದ್ದರು. ಅವರ ಅಡಿಗೆಮನೆಯಲ್ಲೂ ಪೂಜೆಯಾಯಿತು, ಮಧ್ಯದಲ್ಲಿ ಗುರುಗಳು ನಿಂತಿದ್ದರು. ಕುಡಿದು ದನಗಳಿಗೆ ಹೊಡೆಯುತ್ತಿದ್ದವರ ಮನೆಯಲ್ಲೂ ಆಯಿತು. ಆ ಬೆಳಿಗ್ಗೆ ಯಾರ ಮನೆಯನ್ನೂ ಯಾರೂ ಅಳೆಯಲಿಲ್ಲ.

ಇದನ್ನೇ ಫಾದರ್‌ಗೂ ಹೇಳಿದೆ. ಪಾಪ, ಅವರಿಗೆ ನಮ್ಮ ಪದ್ಧತಿಯ ಒಳಗುಟ್ಟು ಗೊತ್ತಿರಲಿಲ್ಲ. ಒಂದು ಕೊಠಡಿಯಲ್ಲಿ ನಡೆಯುವ ಸಭೆಯನ್ನು ಇನ್ನೊಂದು ಕೊಠಡಿಗೆ ಸಾಗಿಸುವಷ್ಟೇ ಸಲೀಸು ಎಂದುಕೊಂಡಿದ್ದರು. ‘ಫಾದರ್, ಇಲ್ಲಿ ಸರದಿ ತಪ್ಪೋದು ಒಂದೇ ಕಾರಣಕ್ಕೆ. ಹೊಗೆ ನಿಂತೋಗಿ, ಮನೇಲಿರೋರೆಲ್ಲಾ ಮಣ್ಣಿಗೆ ಹೋದ್ಮೇಲೆ. ನೀವು ಆ ಮನೆ ಬಿಟ್ಟು ಈ ಮನೆಗೆ ಬಂದ್ರೆ, ನನ್ ಮಗ ಸತ್ತ ಅಂತ ಊರಿಗೆ ಸಾರಿದ ಹಾಗೆ’ ಎಂದೆ. ಅವರ ಮುಖ ಬಾಡಿತು. ‘ನಂಗೆ ಇದು ಗೊತ್ತಿರ್ಲಿಲ್ಲಮ್ಮಾ’ ಎಂದರು. ಮುಂದುವರಿದು ಹೇಳಿದೆ, ಶುಕ್ರವಾರ ನಮ್ಮ ಮನೆಯ ಬಾಗಿಲು ಹಾಕಿರುತ್ತದೆ, ನಾನು ಲೋರ್ಕನ್ ಮನೆಯಲ್ಲಿ ಹ್ಯಾಮ್ ಕತ್ತರಿಸುತ್ತಿರುತ್ತೇನೆ, ನೀವು ಬಂದರೆ ಪೂಜೆ, ಬರದಿದ್ದರೆ ನಾವು ಮೂವರೇ ಜಪಸರ ಹೇಳಿ ತಿಂಡಿ ತಿನ್ನುತ್ತೇವೆ ಎಂದು. ಅವರು ಯೋಚಿಸಿ ಹೇಳುತ್ತೇನೆಂದು ಎದ್ದರು. ಬಾಗಿಲಲ್ಲಿ ನಿಂತು ‘ನಮ್ಮ ಕಡೆ ಹಿರಿಯ ಗುರುಗಳು ಫೋನ್ ಮಾಡಿ ಹೇಳಿದ್ರೆ ಇಲ್ಲ ಅನ್ನೋದು ಕಷ್ಟ’ ಎಂದರು. ನಮ್ಮ ಕಡೆಯೂ ಅಕ್ಕ ಹೇಳಿದರೆ ಹಾಗೇ ಎಂದೆ.

ಇವತ್ತು ಬೆಳಿಗ್ಗೆ ಫಾದರ್ ಫೋನು ಮಾಡಿದರು. ‘ಬೇರೆ ಯಾರ್ ಬರ್ತಾರೋ ನಂಗೊತ್ತಿಲ್ಲ ಅಮ್ಮಾ, ನಾನಂತೂ ಹತ್ತು ಗಂಟೆಗೆ ಅಲ್ಲಿರ್ತೀನಿ’ ಎಂದರು. ನನಗೆ ಸಮಾಧಾನವಾಗಬೇಕಿತ್ತು, ಪೂರ್ತಿ ಆಗಿಲ್ಲ. ಬಂದು ಅವಸರದಲ್ಲಿ ಮುಗಿಸಿ, ತಿಂಡಿಗೆ ಕೂರದೆ ಹೊರಟುಬಿಟ್ಟರೆ? ಊರವರು ಗೇಟಿನವರೆಗೆ ಬಂದು ಒಳಗೆ ಬರದಿದ್ದರೆ? ಡಿಂಪ್ನಾಳ ಮೇಲೆ ಸುಮ್ಮನೆ ಹರಿಹಾಯ್ದೆ, ಅವಳಾದರೂ ಬರುತ್ತಾಳೋ ಇಲ್ಲವೋ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅದೆಲ್ಲ ಕಳೆದಿರುತ್ತದೆ. ಫೋನಿನಲ್ಲೇ ಬೈಯಬಹುದಿತ್ತು, ಆದರೆ ಫೋನಿನಲ್ಲಿ ನಿನ್ನ ಗುರುಗಳ ದನಿ ಕೇಳಿದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದದಲ್ಲಿ ನೀನು ತಮ್ಮನಾಗಿಯೇ ಇರುತ್ತೀ.

ಲೋರ್ಕನ್‌ಗೆ ಇದಾವುದೂ ಗೊತ್ತಿಲ್ಲ. ಭಾನುವಾರದ ಆ ಮಾತು ಫಾದರ್‌ಗೆ ದಾರಿ ಗೊತ್ತಿಲ್ಲದೆ ಆದದ್ದೆಂದೇ ಅವನು ನಂಬಿದ್ದಾನೆ, ಮನೆಗೆ ಹೋಗುವ ದಾರಿಯನ್ನು ಚೀಟಿಯಲ್ಲಿ ಗೆರೆ ಎಳೆದು ಅವರಿಗೆ ಕೊಟ್ಟು ಬಂದಿದ್ದಾನೆ. ಫಾದರ್ ಅದನ್ನು ಇಸಿದುಕೊಂಡು ಥ್ಯಾಂಕ್ಸ್ ಹೇಳಿದರಂತೆ.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು, ಮಂಡಿಯೂರಿ ಬಹಳ ಹೊತ್ತು ಕೂರಬೇಡ, ದೇವರು ಕುರ್ಚಿಯಲ್ಲಿ ಕೂತವರ ಪ್ರಾರ್ಥನೆಯನ್ನೂ ಕೇಳುತ್ತಾನೆ. ಸೊಳ್ಳೆಪರದೆಯ ತೂತು ಹೊಲಿಸಿಕೊ. ನಿನ್ನ ಜನರ ಹೊಲಗಳಿಗೆ ಮಳೆ ಬರಲೆಂದು ದಿನಾ ಜಪಸರದ ಒಂದು ಸುತ್ತು ಹೇಳುತ್ತಿದ್ದೇನೆ, ಸಿಟ್ಟು ಬಂದ ದಿನವೂ ಅದನ್ನು ಬಿಟ್ಟಿಲ್ಲ. ಮಾತೆ ಮರಿಯಮ್ಮ ನಿನ್ನನ್ನು ತನ್ನ ಸೆರಗಿನಲ್ಲಿಟ್ಟು ಕಾಯಲಿ.

ನಿನ್ನ ಮೇಲೆ ಕೋಪವಿದ್ದರೂ ನಿನ್ನ ಅಕ್ಕನೇ ಆದ
ಅಟ್ರಾಕ್ಟಾ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಲೋರ್ಕನ್ ಅಂಗಡಿ ಬಿಟ್ಟು ಓಡಿ ಬಂದ. ಡಿಂಪ್ನಾ ಮಾತ್ರೆ ಕೊಳ್ಳಲು ಹೋದವಳು ‘ನಿಮ್ ಮಾಮ ಆಫ್ರಿಕಾದಿಂದ ನಿಮ್ಮನೆ ಪೂಜೆ ವಿಷ್ಯಕ್ಕೇ ಫಾದರ್‌ಗೆ ಫೋನ್ ಮಾಡಿದ್ರು, ನಾನೇ ಎತ್ತಿದ್ದು’ ಎಂದುಬಿಟ್ಟಿದ್ದಾಳೆ. ಅವಳಿಗೂ ಅಷ್ಟೇ ಗೊತ್ತು. ಇವನು ಮಳೆಯಲ್ಲಿ ಕೋಟೂ ಹಾಕದೆ ಬಂದು ನನ್ನ ಎರಡೂ ಕೈ ಹಿಡಿದು ‘ಹೌದಾ ಅಮ್ಮಾ? ಮಾಮ ನಮಗೋಸ್ಕರ ಫೋನ್ ಮಾಡಿದ್ರಾ? ಏನಂದ್ರಂತೆ?’ ಎಂದ. ಆ ಮುಖ ನೋಡಿ ನನಗೆ ನಿಜ ಹೇಳಲು ಬಾಯಿ ಬರಲಿಲ್ಲ ಕೋಲ್ಮನ್. ‘ನಿಮ್ಮಿಬ್ಬರ ಮನೆಗೆ ಒಳ್ಳೇದಾಗ್ಲಿ ಅಂದ್ರಂತೆ. ಜುಲೈನಲ್ಲಿ ರಜಕ್ಕೆ ಬಂದಾಗ ತಾನೇ ನಿಮ್ಮ ಮೇಜಿನ ಮೇಲೆ ಪೂಜೆ ಮಾಡ್ತೀನಿ ಅಂದ್ರಂತೆ’ ಎಂದೆ. ‘ಇಬ್ಬರ ಮನೆ ಅಂದ್ರಾ? ಹಂಗೇ ಅಂದ್ರಾ?’ ಎಂದು ಎರಡು ಸಲ ಕೇಳಿ ಬಾಗಿಲಿಗೆ ಒರಗಿ ಅತ್ತ. ಫಿನ್ಟನ್ ನಿನ್ನ ಕೋಣೆಗೆ ಬಣ್ಣ ತರಲು ಆಗಲೇ ಪಟ್ಟಣಕ್ಕೆ ಹೋಗಿದ್ದಾನೆ. ಫಾದರ್ ಬಾಯಿ ಬಿಡದಂತೆ ನಾನು ನೋಡಿಕೊಳ್ಳುತ್ತೇನೆ. ಜುಲೈ ದೂರವಿಲ್ಲ. ನಾನು ಹೇಳಿದ ಸುಳ್ಳನ್ನು ಬಂದು ನಿಜಮಾಡು. ಆಗದಿದ್ದರೆ ನೀನೇ ಬಂದು ಅವನ ಮುಖ ನೋಡಿ ಹೇಳು, ನನ್ನಿಂದ ಆಗುವುದಿಲ್ಲ. ಅಂಚೆಯ ಗಾಡಿ ಬಂತು.